ಎಂಟೆಳೆ

ನಮ್ಮ ಮನೆಗೆ ಮೊದಲ ಸಲ ಬಂದವರು ನಡುಮನೆಯ ಗೋಡೆ ನೋಡಿ ಒಂದು ಗಳಿಗೆ ನಿಂತುಬಿಡುತ್ತಾರೆ. ಅಲ್ಲಿ ನಮ್ಮವ್ವನ ಫೋಟೊ ಇದೆ. ಗಂಧದ ಹಾರ, ಗಾಜಿನ ಮೇಲೊಂದು ಗಂಧದ ಬೊಟ್ಟು, ಮೇಲ್ಗಡೆ ಹಗಲೂ ರಾತ್ರಿ ಉರಿಯುವ ಸಣ್ಣ ಕೆಂಪು ಬಲ್ಬು. ಎಲ್ಲರ ಮನೆಯಲ್ಲಿ ಇರುವ ಹಾಗೆಯೇ. ಆದರೆ ಅವ್ವನ ಬಲಗೈಯಲ್ಲಿ ಫೋರ್ಕ್ ಇದೆ. ಫೋರ್ಕಿನ ಹಲ್ಲಿಗೆ ಶಾವಿಗೆಯಂಥದ್ದು ಅಚ್ಚುಕಟ್ಟಾಗಿ ಸುತ್ತಿಕೊಂಡಿದೆ. ಅವ್ವ ಕ್ಯಾಮೆರಾ ಕಡೆ ನೋಡುತ್ತಿಲ್ಲ, ಫೋರ್ಕಿನ ತುದಿಯನ್ನೇ ನೋಡುತ್ತಿದ್ದಾಳೆ.

ಹೋದ ಪುಷ್ಯ ಮಾಸದಲ್ಲಿ ಚಳಿ ಜೋರಾಗಿತ್ತು. ಸೋಮನಾಥಪುರದ ನಮ್ಮ ಮನೆ ಹಿತ್ತಲಿನ ಹಂಡೆ ಒಲೆಗೆ ಹಿಪ್ಪುನೇರಳೆ ಕಡ್ಡಿ ಒಡ್ಡಿ ಕೂತಿದ್ದೆ. ಸೊಪ್ಪು ಹುಳುವಿಗೆ, ಕಡ್ಡಿ ಒಲೆಗೆ, ನಮ್ಮ ಕಡೆ ಹಾಗೆಯೇ. ರಜೆಗೆ ಬಂದಿದ್ದ ಮೊಮ್ಮಗ ಕಂಬಳಿ ಹೊದ್ದುಕೊಂಡು ಪಕ್ಕಕ್ಕೆ ಬಂದ. "ಅಜ್ಜೀ, ಮುತ್ತಜ್ಜಿ ಫೋಟೊದಲ್ಲಿ ನೂಡಲ್ಸ್ ಯಾಕೆ ತಿಂತಾವ್ಳೆ?" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವನಿಗೆ ಅರ್ಥವಾಗಲಿಕ್ಕಿಲ್ಲ ಅಂತ ಅಲ್ಲಿ ಬಿಟ್ಟ ಒಂದೆರಡು ಮಾತು ಇಲ್ಲಿ ಸೇರಿವೆ.

ಅದು 2013ನೇ ಇಸವಿ, ಕಾರ್ತಿಕ ಮಾಸ. ಆ ವರ್ಷದ ಮೊದಲಿಗೆ ನಮ್ಮ ನರಸೀಪುರದ ಸಂಗಮದಲ್ಲಿ ಕುಂಭಮೇಳ ಆಗಿತ್ತು. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಮೂರೂ ಕೂಡುವ ಜಾಗ. 1989ರಿಂದ ಮೂರು ವರ್ಷಕ್ಕೊಮ್ಮೆ ಅಲ್ಲಿ ಮೇಳ. ಅವ್ವ ಅಲ್ಲಿ ಮುಳುಗು ಹಾಕಿ ಬಂದು, "ಇನ್ನೊಂದಕ್ಕೆ ಇರ್ತೀನೋ ಇಲ್ವೋ" ಅಂದಿದ್ದಳು. ಅವಳಿಗಾಗ 72. ನನ್ನ ಮಗಳು ಇಂಜಿನಿಯರಿಂಗ್ ಮುಗಿಸಿ ಮೈಸೂರಿನ ಹೆಬ್ಬಾಳದ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ತರಬೇತಿಗೆ ಸೇರಿದ್ದಳು. ಮೊದಲ ಸಂಬಳ ಕೈಗೆ ಬಂದ ವಾರ ಫೋನ್ ಮಾಡಿ, "ಅಮ್ಮ, ಭಾನುವಾರ ಅಜ್ಜೀನ ಕರ್ಕೊಂಡು ಬಾ. ಗೋಕುಲಂನಲ್ಲಿ ಒಂದು ಇಟಾಲಿಯನ್ ಹೋಟೆಲ್ ಇದೆ, ಊಟ ಕೊಡಿಸ್ತೀನಿ" ಅಂದಳು.

"ಅದ್ಯಾವ ಊರ ಊಟ?" ಅಂದಳು ಅವ್ವ.

"ಇಟಲಿ ಅಂತ, ಅವ್ವ. ದೇಶ."

"ಇಂದ್ರಮ್ಮನ ಸೊಸೆ ತೌರಾ?"

"ಹೂಂ, ಅದೇ."

"ಹಂಗಾದ್ರೆ ಹೋಗವ ನಡಿ" ಅಂದಳು. ಇಂದಿರಾ ಗಾಂಧಿಯವರ ಮೇಲೆ ಅವ್ವನಿಗೆ ಕೊನೆಯವರೆಗೂ ಒಂದೇ ಪ್ರೀತಿ. ಅವರ ಬೀಗರ ಊರಿನ ಅಡುಗೆ ಉಣ್ಣುವುದರಲ್ಲಿ ಅವಳಿಗೆ ಯಾವ ಅನುಮಾನವೂ ಬರಲಿಲ್ಲ.

ಹೋಟೆಲ್ ಊಟವೆಂದರೆ ಅವ್ವನ ಲೆಕ್ಕಕ್ಕೆ ಬೆರಳಲ್ಲಿ ಎಣಿಸುವಷ್ಟು. ದಸರಾ ವಸ್ತುಪ್ರದರ್ಶನದಲ್ಲಿ ತಟ್ಟೆಗಿಂತ ದೊಡ್ಡದಾದ ದೆಹಲಿ ಹಪ್ಪಳ ಒಂದು ಸಲ, ನನ್ನ ಟಿ.ಸಿ.ಎಚ್. ಪರೀಕ್ಷೆ ಪಾಸಾದ ದಿನ ಮೈಸೂರಿನಲ್ಲಿ ಮಸಾಲೆ ದೋಸೆ ಒಂದು ಸಲ. ಅಷ್ಟೇ. ನಮ್ಮಪ್ಪ ತೀರಿಕೊಂಡಾಗ ಅವ್ವನಿಗೆ 27, ನನಗೆ ನಾಲ್ಕು. ಆವತ್ತಿನಿಂದ ಅವಳ ಊಟವೆಲ್ಲ ಬೇಸಿನ್ ಮನೆಗೆ ಒಯ್ಯುವ ಮೂರು ಹಿಡಿಯ ಸ್ಟೀಲ್ ಡಬ್ಬಿಯೊಳಗೆ.

ಬೇಸಿನ್ ಮನೆ ಅಂದರೆ ಏನು ಅಂತ ಮೊಮ್ಮಗ ಕೇಳಿದ. ಅದನ್ನು ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ.

ನಮ್ಮ ಸೀಮೆ ರೇಷ್ಮೆ ಸೀಮೆ. ಟಿಪ್ಪು ಬಂಗಾಳದಿಂದ ಹುಳು ತರಿಸಿ ಇಲ್ಲಿ ಬೆಳೆಸಿದ ಕಾಲದಿಂದ ಹಿಪ್ಪುನೇರಳೆ ಈ ಮಣ್ಣು ಬಿಟ್ಟು ಹೋಗಿಲ್ಲ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ. ಅದರ ಮಗ್ಗಕ್ಕೆ ಹೋಗುವ ನೂಲು ಬಿಚ್ಚುವ ಸರ್ಕಾರಿ ಫಿಲೇಚರ್ ನರಸೀಪುರದಲ್ಲೇ ಇದೆ. ಅವ್ವ ದುಡಿದದ್ದು ಅಲ್ಲಲ್ಲ. ಸಣ್ಣದೊಂದು ಖಾಸಗಿ ಬೇಸಿನ್ ಮನೆಯಲ್ಲಿ, 26 ವರ್ಷ. ತಗಡಿನ ಮಾಡು, ಸಾಲಾಗಿ ಬಿಸಿನೀರಿನ ತೊಟ್ಟಿಗಳು, ಒಂದೊಂದು ತೊಟ್ಟಿಯ ಮುಂದೆ ಒಬ್ಬೊಬ್ಬ ಹೆಂಗಸು. ಬೇಯಿಸಿದ ಗೂಡುಗಳು ನೀರಲ್ಲಿ ತೇಲುತ್ತಿರುತ್ತವೆ. ಹುಳು ತನ್ನ ಸುತ್ತ ಕಟ್ಟಿಕೊಂಡ ಗೂಡಿನ ಅಂಟು ಬಿಸಿನೀರಿಗೆ ಸಡಿಲವಾಗುತ್ತದೆ. ಬ್ರಷ್ಷಿನಿಂದ ಮೇಲೆ ಮೇಲೆ ಸವರಿದರೆ ಮೊದಲು ಒರಟು ಸಿಕ್ಕು ಬರುತ್ತದೆ. ಅದನ್ನು ಕೊಡವಿ ತೆಗೆದರೆ ಒಳಗಿನ ನಿಜವಾದ ಎಳೆಯ ತುದಿ ಸಿಗುತ್ತದೆ. ಒಂದು ಗೂಡು ಅಂದರೆ ಒಂದೇ ಎಳೆ, ಮೊದಲಿಂದ ಕೊನೆಗಂಟ ತುಂಡಿಲ್ಲ, ನೂರಾರು ಮೀಟರು. ಆ ಎಳೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಬೆರಳಿಗೆ ತಾಕಬೇಕು. ಅಂಥ ಎಂಟು ಎಳೆ ಕೂಡಿಸಿ, ಸಣ್ಣ ತೂತಿನ ಒಳಗಿಂದ ಹಾಯಿಸಿ ರಾಟೆಗೆ ಏರಿಸಿದರೆ ಒಂದು ನೂಲು.

"ಎಂಟು ಇರ್ಬೇಕು" ಅನ್ನುತ್ತಿದ್ದಳು ಅವ್ವ. "ಏಳಾದ್ರೆ ಸಣ್ಣ, ಒಂಬತ್ತಾದ್ರೆ ದಪ್ಪ. ಸೀರೆ ಮೇಲೆ ಕಂಡ್ಬುಡ್ತದೆ." ಒಂದು ಗೂಡು ಮುಗಿಯುತ್ತಾ ಬಂದಾಗ ಎಳೆ ಕಡಿಯುವ ಮೊದಲೇ ಇನ್ನೊಂದು ಗೂಡಿನ ತುದಿ ಅಲ್ಲಿ ಸೇರಬೇಕು. ರಾಟೆ ನಿಲ್ಲುವಂತಿಲ್ಲ. ಒಬ್ಬಳೇ ಹೆಂಗಸು ಹಲವು ನೂಲುಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕು. ಬೆಳಗಿನಿಂದ ಸಂಜೆವರೆಗೂ ಎಂಟು, ಎಂಟು, ಎಂಟು. ನಾನು ಮೇಷ್ಟರಗಿತ್ತಿಯಾಗಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವಳು. ಎಣಿಕೆ ಅನ್ನುವುದನ್ನು ಮೈಯೊಳಗೆ ಇಳಿಸಿಕೊಂಡವರು ನನಗೆ ಅವ್ವನ ಹೊರತು ಇನ್ನೊಬ್ಬರು ಸಿಗಲಿಲ್ಲ.

ಆದರೆ ಇದನ್ನೆಲ್ಲ ನಾನು ತಿಳಿದುಕೊಂಡದ್ದು ತಡವಾಗಿ. ಹೈಸ್ಕೂಲು ಓದುವಾಗ ನನಗೆ ಗೊತ್ತಿದ್ದದ್ದು ಅವ್ವನ ವಾಸನೆ ಮಾತ್ರ. ಬೆಂದ ಹುಳುವಿನ ವಾಸನೆ ಸೀರೆಗೆ, ಕೂದಲಿಗೆ, ಚರ್ಮಕ್ಕೆ ಹತ್ತಿಬಿಡುತ್ತದೆ, ಸೀಗೆಕಾಯಿಗೂ ಹೋಗುವುದಿಲ್ಲ. ಬೆರಳ ತುದಿಗಳು ನೀರಲ್ಲಿ ನೆಂದು ಬೆಳ್ಳಗೆ, ಸುಕ್ಕುಸುಕ್ಕಾಗಿ. ರಾತ್ರಿ ಕೊಬ್ಬರಿಎಣ್ಣೆಗೆ ಅರಿಸಿನ ಕಲಸಿ ಹಚ್ಚಿಕೊಂಡು, ಕೈ ಎರಡನ್ನೂ ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕೂರುತ್ತಿದ್ದಳು. ಸಂಜೆ ನಾನು ಗೆಳತಿಯರ ಜೊತೆ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುವಾಗ ಅವ್ವ ಕೆಲಸ ಬಿಟ್ಟು ಬಂದು, ಸೆರಗಿನ ಗಂಟು ಬಿಚ್ಚಿ, ತಿನ್ನಲಿಕ್ಕೆ ಅಂತ ನನ್ನ ಕೈಗೆ ಚಿಲ್ಲರೆ ಹಾಕುತ್ತಿದ್ದಳು. ಒಬ್ಬ ಹುಡುಗಿ ಮೂಗು ಮುಚ್ಚಿಕೊಂಡಳು. ಆ ರಾತ್ರಿ ನಾನು ಅವ್ವನಿಗೆ, "ಕಾಸು ಬೆಳಿಗ್ಗೇನೇ ಕೊಟ್ಬುಡು. ಸಾಯಂಕಾಲ ನಾವ್ ನಿಂತಿರೋ ತಾವ್ಕೆ ಬರ್ಬೇಡ" ಅಂದೆ. ಯಾಕೆ ಅಂತ ಅವ್ವ ಕೇಳಲಿಲ್ಲ. ಮಾರನೆಯ ದಿನದಿಂದ ಬೆಳಿಗ್ಗೆ ನನ್ನ ಚೀಲದ ಬಾಯಲ್ಲಿ ಚಿಲ್ಲರೆ ಇರುತ್ತಿತ್ತು. ಸಂಜೆ ಅವಳು ಬಸ್‌ಸ್ಟ್ಯಾಂಡಿನ ಆ ತುದಿಯಲ್ಲಿ ನಿಂತು, ನಾವು ಹತ್ತಿದ ಬಸ್ಸು ಹೊರಟ ಮೇಲೆ ಮುಂದಿನ ಬಸ್ಸಿಗೆ ಬರುತ್ತಿದ್ದಳು. ಮೂರು ವರ್ಷ ಹಾಗೆ ನಡೆಯಿತು. ಅದರ ಬಗ್ಗೆ ಅವ್ವನ ಹತ್ತಿರ ನಾನು ಯಾವತ್ತೂ ಮಾತೆತ್ತಲಿಲ್ಲ. ಈ ಭಾಗವನ್ನು ಮೊಮ್ಮಗನಿಗೆ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಇಬ್ಬರೂ ಹೊರಟೆವು. ಬನ್ನೂರಿನಲ್ಲಿ ಬಸ್ಸು ಬದಲಿಸಿ ಮೈಸೂರು. ಗದ್ದೆಗಳು ಹಳದಿಗೆ ತಿರುಗುತ್ತಿದ್ದವು. ಮಗಳು ಸಬರ್ಬನ್ ಬಸ್‌ಸ್ಟ್ಯಾಂಡಿಗೆ ಬಂದಿದ್ದಳು. ಆಟೊ ಒಂಟಿಕೊಪ್ಪಲು ದಾಟಿ ಗೋಕುಲಂಗೆ ತಿರುಗಿತು.

ಗೋಕುಲಂ ಹಿಂದೆ ಹೀಗಿರಲಿಲ್ಲ. ಪಿಂಚಣಿ ಪಡೆದವರು, ಮೇಷ್ಟರು, ಬ್ಯಾಂಕಿನವರು ಮನೆ ಕಟ್ಟಿಕೊಂಡ ಸದ್ದಿಲ್ಲದ ಬಡಾವಣೆ. ಲಕ್ಷ್ಮೀಪುರಂನ ತಮ್ಮ ಮನೆಯಲ್ಲಿ ದಶಕಗಳ ಕಾಲ ಯೋಗ ಹೇಳಿಕೊಟ್ಟ ಕೆ. ಪಟ್ಟಾಭಿ ಜೋಯಿಸರು 2002ರಲ್ಲಿ ಗೋಕುಲಂಗೆ ಬಂದರು. ಅವರ ಹಿಂದೆಯೇ ಜಗತ್ತಿನ ಮೂಲೆಮೂಲೆಯಿಂದ ಶಿಷ್ಯರು ಬಂದರು. ತಿಂಗಳುಗಟ್ಟಲೆ ಇರುವವರಿಗೆ ಬಾಡಿಗೆಗೆ ಕೋಣೆ ಬೇಕು, ಬೆಳಗಿನ ಅಭ್ಯಾಸ ಮುಗಿಸಿದ ಮೇಲೆ ಹೊಟ್ಟೆಗೆ ಅವರ ರುಚಿಯದೇನಾದರೂ ಬೇಕು. ಹಳೆಯ ಮನೆಗಳ ವರಾಂಡಗಳಲ್ಲಿ ಮೇಜು ಬಂದವು, ಕಾಂಪೌಂಡಿನೊಳಗೆ ಪಿಜ್ಜಾದ ಸೌದೆ ಒಲೆ ಬಂತು. ಜೋಯಿಸರು 2009ರಲ್ಲಿ ತೀರಿಕೊಂಡ ಮೇಲೂ ಬರುವವರು ನಿಲ್ಲಲಿಲ್ಲ. ಆಮೇಲೆ ಮೈಸೂರಿನ ಕುಟುಂಬಗಳೂ ಭಾನುವಾರ ಅಲ್ಲಿಗೇ ಬರತೊಡಗಿದವು. ಒಂದು ಊರಿನ ಊಟ ಇನ್ನೊಂದು ಊರಿಗೆ ಸೇರುವುದು ಹೀಗೆ ಒಬ್ಬರ ಹಸಿವಿನ ಹಿಂದೆ ಬಂದಾಗ ಚೆನ್ನ. ಜಾಹೀರಾತಿನ ಹಿಂದೆ ಬಂದದ್ದಕ್ಕೆ ಅಷ್ಟು ರುಚಿಯಿಲ್ಲ ಅನ್ನುವುದು ನನ್ನ ಅನುಭವ.

ನಾವು ಹೋದದ್ದೂ ಅಂಥದೇ ಒಂದು ಮನೆ. ಗೇಟಿನ ಒಳಗೆ ಹೊಂಗೆ ಮರ, ಕೆಂಪು ಗಾರೆ ನೆಲ, ವರಾಂಡದಲ್ಲಿ ಏಳೆಂಟು ಮೇಜು. ಅವ್ವ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟಳು. ಬಡಿಸುವ ಹುಡುಗ ಓಡಿ ಬಂದು, "ಬೇಡ ಅಜ್ಜಿ, ಹಾಕ್ಕೊಂಡೇ ಬನ್ನಿ" ಅಂದ.

"ಉಣ್ಣೋ ತಾವು ಅಲ್ವೇನಪ್ಪ" ಅಂದಳು ಅವ್ವ.

ಹುಡುಗ ಸುಮ್ಮನಾದ. ಮಗಳೂ ಚಪ್ಪಲಿ ಬಿಟ್ಟಳು. ನಾನು ಬಿಡಲಿಲ್ಲ. ಇದು ಸಣ್ಣ ವಿಷಯ, ಆದರೆ ನೆನಪಿದೆ. ಪಕ್ಕದ ಮೇಜಿನಲ್ಲಿ ಯೋಗದ ಚಾಪೆ ಸುತ್ತಿಟ್ಟುಕೊಂಡು ಕೂತಿದ್ದ ಇಬ್ಬರು ಬಿಳಿಯ ಹೆಂಗಸರೂ ಬರಿಗಾಲಲ್ಲೇ ಇದ್ದರು. ಅವ್ವನಿಗೆ ಅವರನ್ನು ಕಂಡು ಹೊಸತೇನೂ ಅನ್ನಿಸಲಿಲ್ಲ. ಸೋಮನಾಥಪುರದಲ್ಲಿ ಹುಟ್ಟಿದವರು ಬೆಳಗಾದರೆ ನೋಡುವುದು ದೇವಸ್ಥಾನಕ್ಕೆ ಬರುವ ದೂರದೇಶದವರ ಮುಖವನ್ನೇ.

ಮೆನು ಕಾರ್ಡನ್ನು ಮಗಳೇ ಓದಿದಳು. ಕಾರ್ತಿಕದಲ್ಲಿ ಅವ್ವ ಮಾಂಸ ಮುಟ್ಟುತ್ತಿರಲಿಲ್ಲ. "ಸೊಪ್ಪುಸೆದೆ ಇರೋದು ಹೇಳು ಕೂಸು" ಅಂದಳು. ಮಗಳು ಟೊಮೇಟೊ ಸಾರಿನಂಥ ಗೊಜ್ಜು ಹಾಕಿದ ಸ್ಪಗೆಟ್ಟಿ ಹೇಳಿದಳು, ಮೂವರಿಗೂ ಅದೇ. ಮೊದಲು ಬಂದದ್ದು ಸುಟ್ಟ ಬ್ರೆಡ್ಡಿನ ತುಂಡು, ಅದರ ಮೇಲೆ ಹೆಚ್ಚಿದ ಟೊಮೇಟೊ, ಬೆಳ್ಳುಳ್ಳಿ, ಎರಡು ಹಸಿರೆಲೆ. ಅವ್ವ ತುಂಡನ್ನು ಬಾಯಿಗೆ ಇಡುವ ಮೊದಲು ಮೂಗಿಗೆ ಹಿಡಿದಳು. ಮುಖ ಅರಳಿತು.

"ಕಾಮಕಸ್ತೂರಿ ಕನಾ ಇದು!"

ಹೌದು, ಕಾಮಕಸ್ತೂರಿಯೇ. ಇಂಗ್ಲಿಷಿನಲ್ಲಿ ಬೆಸಿಲ್ ಅಂತಾರೆ. ನಮ್ಮ ಕಡೆ ಹೂವಿನ ಜೊತೆ ಕಟ್ಟಿ ಮುಡಿಯುತ್ತಾರೆ, ದೇವರ ಹಾರಕ್ಕೆ ಸೇರಿಸುತ್ತಾರೆ, ಬೀಜ ನೆನೆಸಿ ಶರಬತ್ತಿಗೆ ಹಾಕುತ್ತಾರೆ. ಅದನ್ನು ಅಡುಗೆಗೆ ಹಾಕಿ ನಮಗೆ ಅಭ್ಯಾಸವಿಲ್ಲ. ಅವ್ವ ಒಂದು ಎಲೆ ಎತ್ತಿ ಸೆರಗಿನ ತುದಿಗೆ ಇಟ್ಟು ಗಂಟು ಹಾಕಿಕೊಂಡಳು. ಮುಡಿಯುವುದು ಬಿಟ್ಟು 45 ವರ್ಷವಾಗಿತ್ತು ಅವಳಿಗೆ. ಗಂಟು ಹಾಕಿದ ಮೇಲೆ ಸೆರಗನ್ನು ಇನ್ನೊಂದು ಸಲ ಮೂಗಿಗೆ ಹಿಡಿದಳು.

ಆಮೇಲೆ ಸ್ಪಗೆಟ್ಟಿ ಬಂತು. ಅಗಲವಾದ ಬಿಳಿ ತಟ್ಟೆ, ನಡುವೆ ಗುಡ್ಡೆ, ಮೇಲೆ ಉದುರಿಸಿದ ಚೀಸು. ಹಳೆಯ ಗಟ್ಟಿ ಚೀಸಿಗೆ ಒಂದು ಘಾಟಿದೆ. ಅದು ಮೂಗಿಗೆ ಬಡಿದ ಕೂಡಲೇ ನನಗೆ ಎದೆ ಧಸಕ್ಕೆಂದಿತು. ಸಂಜೆಯ ಬಸ್‌ಸ್ಟ್ಯಾಂಡು, ಸೆರಗಿನ ಗಂಟು, ಚಿಲ್ಲರೆ. ಅವ್ವನ ಮುಖ ನೋಡಿದೆ. ಅವಳೂ ಮೂಗು ಅರಳಿಸಿ ಹಬೆ ಎಳೆದುಕೊಂಡು, "ನಮ್ ಬೇಸಿನ್ ಮನೆ ವಾಸ್ನೆ ಅಲ್ವಾ?" ಅಂದಳು. ಬೇಸರದಿಂದ ಅಲ್ಲ. ತೌರುಮನೆಯ ವಾಸನೆ ಸಿಕ್ಕಿದ ಹಾಗೆ. ನಾನು ಉತ್ತರ ಕೊಡಲಿಲ್ಲ.

ಫೋರ್ಕಿನಲ್ಲಿ ಅದನ್ನು ತಿನ್ನುವುದು ನನಗೂ ಮಗಳಿಗೂ ಬರಲಿಲ್ಲ. ಚುಚ್ಚಿದರೆ ಜಾರುತ್ತದೆ, ಎತ್ತಿದರೆ ಒಂದು ಮೊಳ ಜೋತುಬೀಳುತ್ತದೆ, ಸುತ್ತಿದರೆ ಗುಡ್ಡೆಗೆ ಗುಡ್ಡೆಯೇ ಮೇಲೆದ್ದು ಬರುತ್ತದೆ. ಅವ್ವ ತನ್ನ ತಟ್ಟೆ ಮುಟ್ಟದೆ ಸುಮ್ಮನೆ ನೋಡುತ್ತಿದ್ದಳು. ನನ್ನ ಒಳಗೆ ಏನು ನಡೆಯುತ್ತಿತ್ತು ಅಂದರೆ, ಈಗ ಕೈ ಹಾಕಿಬಿಡುತ್ತಾಳೆ, ಪಕ್ಕದ ಮೇಜಿನವರು ನೋಡುತ್ತಾರೆ, ಸ್ಪೂನ್ ತರಿಸಿ ತುಂಡು ಮಾಡಿಕೊಡಲೇ ಅಂತ. ನನಗಾಗ 49. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳುತ್ತಾ ಬಂದವಳು. ಹೈಸ್ಕೂಲಿನ ಆ ಹುಡುಗಿ ಇನ್ನೂ ನನ್ನೊಳಗೇ ಇದ್ದಳು. "ಅವ್ವ, ತಾಳು" ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ಅವ್ವ ಫೋರ್ಕ್ ಎತ್ತಿಕೊಂಡಿದ್ದಳು.

ಅವಳು ಚುಚ್ಚಲಿಲ್ಲ. ಫೋರ್ಕಿನ ಹಲ್ಲುಗಳನ್ನು ಗುಡ್ಡೆಯ ಮೇಲೆ ಹಗುರವಾಗಿ ಸವರಿದಳು, ಬ್ರಷ್ಷಿನಲ್ಲಿ ಸವರುವ ಹಾಗೆ. ಮೇಲಕ್ಕೆತ್ತಿ, ಮಣಿಕಟ್ಟಿನಿಂದ ಒಂದೇ ಸಲ ಅಲ್ಲಾಡಿಸಿದಳು. ಸಿಕ್ಕಿಕೊಂಡದ್ದೆಲ್ಲ ಕೆಳಗೆ ಬಿತ್ತು, ನಾಲ್ಕಾರು ಎಳೆ ಉಳಿಯಿತು. ಎಡಗೈ ತೋರುಬೆರಳಿನ ತುದಿಯಿಂದ ಇನ್ನೆರಡು ಎಳೆಯನ್ನು ಗುಡ್ಡೆಯಿಂದ ಬಿಡಿಸಿ ಅವಕ್ಕೆ ಸೇರಿಸಿದಳು. ಆಮೇಲೆ ಫೋರ್ಕನ್ನು ತಟ್ಟೆಯ ಅಂಚಿಗೆ ಆನಿಸಿ ತಿರುಗಿಸಿದಳು. ನಿಧಾನವಾಗಿ ಅಲ್ಲ, ರಾಟೆಯ ವೇಗದಲ್ಲಿ. ಎಳೆಗಳು ಒಂದರ ಪಕ್ಕ ಒಂದು ಕೂತು, ತುದಿ ಒಳಕ್ಕೆ ಸೇರಿ, ಕದಿರಿನಂತೆ ನುಣ್ಣಗೆ ಸುತ್ತಿಕೊಂಡವು. ಒಂದು ತೊಟ್ಟು ಗೊಜ್ಜು ಮೇಜಿನ ಮೇಲೆ ಬೀಳಲಿಲ್ಲ.

ಬಾಯಿಗೆ ಇಡುವ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಎಂಟೆಳೆ" ಅಂದಳು, ತನಗೆ ತಾನೇ. ಮಗಳು ಮೊಬೈಲಿನಲ್ಲಿ ಫೋಟೊ ತೆಗೆದದ್ದು ಆ ಕ್ಷಣದಲ್ಲಿ.

ಎರಡನೇ ತುತ್ತೂ ಎಂಟು. ಮೂರನೆಯದೂ ಎಂಟು. ಮಗಳು ತಿನ್ನುವುದು ಬಿಟ್ಟು ಅಜ್ಜಿಯ ಕೈ ನೋಡುತ್ತಾ ಕೂತಳು. ಬಡಿಸುವ ಹುಡುಗ ನೀರಿನ ಜಗ್ಗು ಹಿಡಿದುಕೊಂಡು ಹಾಗೇ ನಿಂತ. ಪಕ್ಕದ ಮೇಜಿನ ಇಬ್ಬರೂ ನೋಡಿದರು. ಅವರ ಕಣ್ಣಲ್ಲಿ ಇದ್ದದ್ದು ನಾನು ಹೆದರಿಕೊಂಡದ್ದಲ್ಲ. ಅವರಲ್ಲಿ ಒಬ್ಬಾಕೆ ತನ್ನ ಫೋರ್ಕನ್ನು ಅವ್ವನ ಹಾಗೆಯೇ ಹಿಡಿಯಲು ನೋಡುತ್ತಿದ್ದಳು.

ಹುಡುಗ ಹೋಗಿ ಹೇಳಿದನೇನೋ, ಒಳಗಿನಿಂದ ಅಡುಗೆಯವನು ಬಂದ. ಇಪ್ಪತ್ತೈದು ಇಪ್ಪತ್ತಾರರ ಹುಡುಗ, ಕರಿ ಏಪ್ರನ್, ಮುಖದ ಮೇಲೆ ಬೆವರು. ಸ್ವಲ್ಪ ದೂರದಲ್ಲೇ ನಿಂತು ಎರಡು ತುತ್ತು ನೋಡಿದ. ಆಮೇಲೆ ಹತ್ತಿರ ಬಂದು ಬಗ್ಗಿ, ತಗ್ಗಿದ ದನಿಯಲ್ಲಿ ಕೇಳಿದ:

"ಅಜ್ಜಿ, ನೀವು ಬೇಸಿನ್ ಕೆಲ್ಸ ಮಾಡಿದ್ರಾ?"

ಅವ್ವ ತಲೆಯೆತ್ತಿದಳು. "ಇಪ್ಪತ್ತಾರು ವರ್ಸ ಕನಪ್ಪ. ನಿಂಗೆಂಗೆ ತಿಳೀತು?"

"ನಮ್ಮವ್ವಾನೂ ಮಾಡ್ತಿದ್ಲು, ಮಾಂಬಳ್ಳಿಲಿ. ತಿರುಗ್ಸೋದು ಯಾರಾದ್ರೂ ಕಲೀಬೌದು ಅಜ್ಜಿ. ನೀವು ಮೊದ್ಲು ಎತ್ತಿ ಒಂದ್ಸಲ ಕೊಡವುದ್ರಲ್ಲ, ಅದ ಕಂಡು ಗೊತ್ತಾಯ್ತು."

ಕುರ್ಚಿ ಎಳೆದುಕೊಳ್ಳಲು ಅವನಿಗೆ ಸಂಕೋಚ. ಅವ್ವ ಅವನ ರಟ್ಟೆ ಹಿಡಿದು ಕೂರಿಸಿದಳು. ಆಮೇಲೆ ಅವರಿಬ್ಬರ ಮಾತಿನ ನಡುವೆ ನಾನೂ ಮಗಳೂ ಇರಲೇ ಇಲ್ಲ. ಅವನ ಅವ್ವನಿಗೆ ಕೈ ನೋವು ಹೇಗಿದೆ, ಏನು ಹಚ್ಚುತ್ತಾಳೆ, ಕಣ್ಣು ಕಾಣುತ್ತದೆಯೇ, ಎಷ್ಟು ವರ್ಷವಾಯಿತು ಬಿಟ್ಟು, ಎಲ್ಲ ಕೇಳಿದಳು. ಆಮೇಲೆ ತಟ್ಟೆ ತೋರಿಸಿ, "ಇದ ಹೆಂಗ್ ಬೇಯಿಸ್ತೀಯ?" ಅಂದಳು.

ಬನ್ಸಿ ರವೆಯಂಥ ಗಟ್ಟಿ ಗೋಧಿಯ ರವೆಯಲ್ಲಿ ಮಾಡಿದ್ದು ಅಂತ ಅವನು ಹೇಳಿದ. ದೊಡ್ಡ ಪಾತ್ರೆಯಲ್ಲಿ ನೀರು ಮರಳಬೇಕು, ಉಪ್ಪು ಕೈತುಂಬಾ ಹಾಕಬೇಕು. ಪೂರ್ತಿ ಬೇಯಲು ಬಿಡಬಾರದು, ಒಂದೆಳೆ ತೆಗೆದು ಕಚ್ಚಿದರೆ ನಡುವೆ ಇನ್ನೂ ಒಂದು ಸೂಜಿಮೊನೆಯಷ್ಟು ಬಿಳಿ ಕಾಣಬೇಕು, ಆಗ ಇಳಿಸಬೇಕು. "ಜಾಸ್ತಿ ಬೆಂದ್ರೆ ಎಳೆ ನಿಲ್ಲಲ್ಲ ಅಜ್ಜಿ, ಕಡ್ದೋಯ್ತದೆ."

ಅವ್ವ ಮೇಜಿಗೆ ಕೈ ಬಡಿದಳು. "ಗೂಡೂ ಅಂಗೇ ಅಲ್ವೇನ್ಲಾ! ಜಾಸ್ತಿ ಬೇಯಿಸ್ದೋ, ಕಡ್ಕಳ್ತದೆ. ಕಮ್ಮಿ ಬೇಯಿಸ್ದೋ, ತುದೀನೇ ಸಿಕ್ಕಲ್ಲ. ಆ ಹದ ಬಂದವ್ನೇ ಮೇಸ್ತ್ರಿ."

ಆ ಹುಡುಗನ ಮುಖ ಆಗ ಹೇಗಾಯಿತು ಅನ್ನುವುದನ್ನು ನಾನು ಬರೆದು ತೋರಿಸಲಾರೆ. ಪಕ್ಕದ ಮೇಜಿನ ಹೊಗಳಿಕೆಗಳನ್ನು ಅವನು ದಿನವೂ ಕೇಳುತ್ತಿದ್ದಿರಬೇಕು. ಇದು ಅವನ ಅವ್ವನ ಭಾಷೆಯಲ್ಲಿ ಬಂದ ಮಾತು.

ಆ ಸಂಜೆ ನನಗೆ ತಿಳಿದಿರದ ಒಂದು ವಿಷಯವಿದೆ. ನಿವೃತ್ತಿಯಾದ ಮೇಲೆ ಮೈಸೂರು ಸೀಮೆಯ ರೇಷ್ಮೆ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವಾಗ ಕಣ್ಣಿಗೆ ಬಿದ್ದದ್ದು. ಹತ್ತೊಂಬತ್ತನೇ ಶತಮಾನದ ನಡುವೆ ಯುರೋಪಿನ ರೇಷ್ಮೆಹುಳುಗಳಿಗೆ ರೋಗ ಬಂತು. ಇಟಲಿಯ ಮೊಟ್ಟೆ ವ್ಯಾಪಾರಿಗಳು ಒಳ್ಳೆಯ ಮೊಟ್ಟೆಗಾಗಿ ಜಪಾನಿನವರೆಗೆ ಹೋದರು. ನಮ್ಮ ಮೈಸೂರಿನ ಹುಳುಗಳೂ ಸಾಯುತ್ತಿದ್ದವು. 1866ರ ಹೊತ್ತಿಗೆ ಬೆಂಗಳೂರಿನಲ್ಲಿ ರೇಷ್ಮೆ ವ್ಯವಹಾರ ನಡೆಸುತ್ತಿದ್ದ ದೆ ವೆಕ್ಕಿ ಎಂಬ ಇಟಲಿಯವರು ಇಲ್ಲಿಗೂ ಜಪಾನಿನ ಮೊಟ್ಟೆ ತರಿಸಲು ಹೆಣಗಾಡಿದರು, ಹಬೆಯಿಂದ ನೂಲು ಬಿಚ್ಚುವ ಕಾರ್ಖಾನೆಯನ್ನೂ ನಡೆಸಿದರು. 1910ರ ದಶಕದಲ್ಲಿ ಮೈಸೂರು ಸರ್ಕಾರವೇ ವಾಷಿಂಗ್ಟನ್ ಮಾರಿ ಎಂಬ ಇನ್ನೊಬ್ಬ ಇಟಲಿಯ ತಜ್ಞರನ್ನು ಕರೆಸಿಕೊಂಡು ಹುಳುವಿನ ತಳಿ ಸುಧಾರಣೆಗೆ ಕೈಹಾಕಿತು. ಉತ್ತರ ಇಟಲಿಯ ಹಳ್ಳಿಗಳಲ್ಲಿ ನಮ್ಮ ಬೇಸಿನ್ ಮನೆಗಳಂಥವೇ ಇದ್ದವು, ಅವನ್ನು ಫಿಲಾಂದಾ ಅನ್ನುತ್ತಿದ್ದರು. ಅಲ್ಲಿಯೂ ಹೆಂಗಸರು, ಎಳೆಯ ಹುಡುಗಿಯರು, ಬಿಸಿನೀರು, ನೆಂದು ಬೆಳ್ಳಗಾದ ಬೆರಳು. ಕೆಲಸ ಮಾಡುತ್ತಾ ಅವರು ಕಟ್ಟಿಕೊಂಡ ಹಾಡುಗಳನ್ನು ಅಲ್ಲಿನ ಜನ ಈಗಲೂ ಹಾಡುತ್ತಾರಂತೆ. ಮನೆಗೆ ಹೋಗಿ ಆ ಹೆಂಗಸರೂ ಇಂಥದೇ ಎಳೆಗಳನ್ನು ಸುತ್ತಿ ಉಂಡಿರಬೇಕಲ್ಲ ಅನ್ನಿಸಿತು. ಇದನ್ನು ಓದಿದ ದಿನ ಅವ್ವ ಇರಲಿಲ್ಲ. ಓದಿ ಹೇಳಿದ್ದರೆ, ಅವರ ಹೆಸರೇನು, ಮಕ್ಕಳೆಷ್ಟು, ಕೂಲಿ ಎಷ್ಟು ಅಂತ ಮೂರು ಪ್ರಶ್ನೆ ಕೇಳುತ್ತಿದ್ದಳು. ಒಂದಕ್ಕೂ ನನ್ನಲ್ಲಿ ಉತ್ತರವಿರುತ್ತಿರಲಿಲ್ಲ.

ಹೊರಡುವಾಗ ಅವ್ವ ಸೆರಗಿನ ಗಂಟು ಬಿಚ್ಚಿದಳು. ಕಾಮಕಸ್ತೂರಿ ಎಲೆಯ ಜೊತೆಗೆ ಮಡಿಸಿಟ್ಟ ಹತ್ತು ರೂಪಾಯಿಯ ನೋಟಿತ್ತು. ಅದನ್ನು ಅಡುಗೆ ಹುಡುಗನ ಕೈಗೆ ಒತ್ತಿ, "ನಿಮ್ಮವ್ವನ ಎಲೆಅಡ್ಕೆಗೆ" ಅಂದಳು. ಅವನು ಬೇಡ ಅನ್ನಲಿಲ್ಲ, ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿದ.

ಕತ್ತಲಾಗಿತ್ತು. ಊರಿಗೆ ವಾಪಸು ಹೊರಟ ಬಸ್ಸಿನಲ್ಲಿ ಜನ ಕಡಿಮೆ. ಬನ್ನೂರಿನಲ್ಲಿ ಇಳಿದು ಸೋಮನಾಥಪುರದ ಬಸ್ಸಿಗೆ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಕೂತೆವು. ಆ ಹಳೆಯ ಮಾತು ನನ್ನ ನಾಲಿಗೆಯ ತುದಿಗೆ ಬಂತು. "ಅವ್ವ, ನರಸೀಪುರದ ಬಸ್‌ಸ್ಟ್ಯಾಂಡಲ್ಲಿ…" ಅಂದೆ. ಅವ್ವ ನನ್ನ ಮುಖ ನೋಡದೆ, ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ, "ಆ ಹುಡ್ಗ ಒಳ್ಳೇ ಹದ ಕಲ್ತವ್ನೆ" ಅಂದಳು. ನಾನು ಮುಂದುವರಿಸಲಿಲ್ಲ. ಅವಳಿಗೆ ಆ ಮಾತು ಬೇಕಿರಲಿಲ್ಲವೋ, ಬಸ್‌ಸ್ಟ್ಯಾಂಡಿನಲ್ಲಿ ಬೇಡವಾಗಿತ್ತೋ, ನಾನು ಇನ್ನೂ ಅದನ್ನೇ ಯೋಚಿಸುತ್ತಿರುತ್ತೇನೆ.

ಅವ್ವ ಹೋದದ್ದು 2018ರಲ್ಲಿ. ಹನ್ನೊಂದನೆಯ ದಿನಕ್ಕೆ ಫೋಟೊ ಬೇಕಾಯಿತು. ಹುಡುಕಿದರೆ ಒಂದೂ ಒಳ್ಳೆಯದಿಲ್ಲ. ಮದುವೆ ಗುಂಪಿನಲ್ಲಿ ಹಿಂದಿನ ಸಾಲು, ಮತದಾರರ ಚೀಟಿಯ ಮಸುಕು ಮುಖ. ಮಗಳ ಮೊಬೈಲಿನಲ್ಲಿ ಇದ್ದದ್ದು ಇದೊಂದೇ. ಸ್ಟುಡಿಯೊದವರು ನೋಡಿ, "ಕೈ ತೆಗೆದು ಮುಖ ಮಾತ್ರ ಮಾಡ್ಕೊಡ್ತೀವಿ ಮೇಡಂ, ಫೋರ್ಕ್ ಇದ್ರೆ ಸರಿ ಕಾಣಲ್ಲ" ಅಂದರು. ನಂಟರೂ ಅದನ್ನೇ ಹೇಳಿದರು. ದೇವರ ಪಾದ ಸೇರಿದವರ ಕೈಯಲ್ಲಿ ಎಂಥದ್ದು ಅದು ಅಂತ.

ನಮ್ಮೂರ ಕೇಶವ ದೇವಸ್ಥಾನ 1258ರಲ್ಲಿ ಆದದ್ದು. ಸೋಮನಾಥ ದಂಡನಾಯಕ ಕಟ್ಟಿಸಿದ ಅಂತ ಊರಿಗೇ ಅವನ ಹೆಸರಿದೆ. ಆದರೆ ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಮೊದಲು ತೋರಿಸುತ್ತಿದ್ದದ್ದು ಗೋಡೆಯ ವಿಗ್ರಹಗಳ ಪಾದದ ಕೆಳಗೆ ಕೊರೆದ ಸಣ್ಣ ಅಕ್ಷರಗಳನ್ನು. ಮಲ್ಲಿತಮ್ಮ, ಚೌಡೆಯ, ಬಾಲೆಯ. ಉಳಿ ಹಿಡಿದವರು ತಾವು ಮಾಡಿದ್ದರ ಕೆಳಗೆ ತಮ್ಮ ಹೆಸರನ್ನು ಬಿಟ್ಟು ಹೋಗಿದ್ದಾರೆ. 2023ರಲ್ಲಿ ದೇವಸ್ಥಾನ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಅವನ್ನು ಓದುವ ಜನವೂ ಹೆಚ್ಚಾಗಿದ್ದಾರೆ. ಅವ್ವ ಬಿಚ್ಚಿದ ನೂಲಿನ ಸೀರೆ ಯಾರ ಯಾರ ಮೈಮೇಲೆ ಹೋಯಿತೋ, ಯಾವುದರ ಅಂಚಿನಲ್ಲೂ ಅವಳ ಹೆಸರಿಲ್ಲ. ಸ್ಟುಡಿಯೊದ ಕೌಂಟರಿನ ಮುಂದೆ ನಿಂತಾಗ ನನಗೆ ಮಲ್ಲಿತಮ್ಮನೇ ನೆನಪಾದ. "ಕೈ ಇರ್ಲಿ, ಫೋರ್ಕೂ ಇರ್ಲಿ. ಎಳೆ ಎಳೆ ಕಾಣೋ ಹಂಗೆ ದೊಡ್ಡದು ಮಾಡಿ ಕೊಡಿ" ಅಂದೆ.

ಕಥೆ ಇಲ್ಲಿಗೆ ಬರುವಷ್ಟರಲ್ಲಿ ಒಲೆಯ ಕಡ್ಡಿ ಕೆಂಡವಾಗಿತ್ತು. ಮೊಮ್ಮಗ ಎದ್ದ. ಟಾರ್ಚ್ ತೆಗೆದುಕೊಂಡು ನಡುಮನೆಗೆ ಓಡಿದ. ಸ್ಟೂಲ್ ಎಳೆದ ಸದ್ದು ಕೇಳಿಸಿತು. ಗಾಜಿಗೆ ಬೆರಳಿಟ್ಟು ಎಣಿಸುತ್ತಿದ್ದ. ಒಂದು, ಎರಡು, ಮೂರು. ಎರಡು ಸಲ ಎಣಿಸಿದ.

"ಅಜ್ಜೀ, ಏಳೇ ಇರೋದು!"

"ಸರಿಯಾಗಿ ನೋಡು. ತುದಿ ಒಳಕ್ಕೆ ಹೋಗಿರೋದು ಒಂದಿದೆ."

ಟಾರ್ಚಿನ ಬೆಳಕು ಗೋಡೆಯ ಮೇಲೆ ಸ್ವಲ್ಪ ಹೊತ್ತು ಅಲ್ಲಾಡುತ್ತಿತ್ತು. ಆಮೇಲೆ ಒಂದು ಕಡೆ ನಿಂತಿತು.

"ಸಿಕ್ತು" ಅಂದ.